ತುದಿಗಾಲಲ್ಲಿ ನಿಲ್ಲುವುದಕ್ಕೆ ಆತುರ ಬೇಡ



ಜೂನ್ ಬಂತೆಂದರೆ ಮಕ್ಕಳಿಗೆ ಸ್ಕೂಲ್ ಷೂ ಕೊಳ್ಳುವ ಗಡಿಬಿಡಿ. ಅಂಗಡಿಯಲ್ಲಿ ಮಗುವನ್ನು ಸ್ಟೂಲಿನ ಮೇಲೆ ಕೂರಿಸಿ, ಷೂ ಹಾಕಿಸಿ, ಮುಂಭಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, "ಒಂದು ಬೆರಳು ಜಾಗ ಇರಲಿ, ಬೆಳೆಯೋ ಕಾಲು, ಮುಂದಿನ ವರ್ಷಕ್ಕೂ ಆಗಬೇಕು" ಅಂತ ಹೇಳದ ತಾಯಿ ಯಾರಿದ್ದಾರೆ ಹೇಳಿ? ಸ್ವಲ್ಪ ದೊಡ್ಡದಾಯಿತೋ, ಮುಂದೆ ಹತ್ತಿ ತುರುಕಿದರಾಯಿತು. ಸಂಸಾರ ತೂಗಿಸುವವರ ಈ ಲೆಕ್ಕದಲ್ಲಿ ತಪ್ಪೇನೂ ಇಲ್ಲ. ಆದರೆ ಒಂದೇ ಒಂದು ಬಗೆಯ ಷೂವಿನ ಹತ್ತಿರ ಈ ಲೆಕ್ಕ ನಡೆಯುವುದಿಲ್ಲ. ಅದೇ ಬ್ಯಾಲೆ ನೃತ್ಯದಲ್ಲಿ ಕಾಲ್ಬೆರಳ ತುದಿಯ ಮೇಲೆ ನಿಲ್ಲಲು ಹಾಕಿಕೊಳ್ಳುವ ಪಾಯಿಂಟ್ ಷೂ.

"ನಮ್ಮೂರಿಗೂ ಬ್ಯಾಲೆಗೂ ಎಲ್ಲಿಯ ನಂಟು, ಇವಳಿಗೇನಾಯ್ತು" ಅಂತ ಮೂಗಿನ ಮೇಲೆ ಬೆರಳಿಡಬೇಡಿ. ಈಗ ಬೀದಿಗೊಂದು ಮನೆಯಲ್ಲಾದರೂ ಮಗಳೋ ತಂಗಿಯೋ ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯದಲ್ಲಿ ಇದ್ದಾರೆ. ಅಲ್ಲಿಯ ನಮ್ಮ ಮಕ್ಕಳು ಒಂದು ಕಡೆ ಭರತನಾಟ್ಯ, ಇನ್ನೊಂದು ಕಡೆ ಬ್ಯಾಲೆ ಅಂತ ಕಲಿಯುತ್ತಾರೆ. ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡಿಕೊಳ್ಳುವುದಕ್ಕೋ ಹೋದ ನಮ್ಮ ಕೈಗೆ ಸೂಜಿ ದಾರ ಕೊಟ್ಟು, "ಈ ರಿಬ್ಬನ್ ಹೊಲಿದುಕೊಡಿ" ಅನ್ನುತ್ತಾರೆ. ನನ್ನ ತಂಗಿ ನ್ಯೂಜೆರ್ಸಿಯಲ್ಲಿದ್ದಾಳೆ. ಹೋದ ವರ್ಷ ಅವಳ ಮನೆಯಲ್ಲಿ ಮೂರು ತಿಂಗಳಿದ್ದೆ. ಹನ್ನೆರಡು ತುಂಬಿದ ಅವಳ ಮಗಳಿಗೆ ಮೊದಲ ಪಾಯಿಂಟ್ ಷೂ ಬಂದದ್ದು ಆಗಲೇ. ಅಲ್ಲಿ ನೋಡಿ, ಕೇಳಿ, ಕೈಯಾರೆ ಮಾಡಿ ತಿಳಿದದ್ದನ್ನು ಈ ಸಲ ಬರೆಯುತ್ತಿದ್ದೇನೆ.

ಷೂವಿನ ಒಳಗೆ ಏನಿದೆ?

ನೋಡುವುದಕ್ಕೆ ಗುಲಾಬಿ ಬಣ್ಣದ ಸ್ಯಾಟಿನ್ ಬಟ್ಟೆಯ ನಾಜೂಕು ಷೂ. ಕೈಗೆ ತೆಗೆದುಕೊಂಡರೆ ಮುಂಭಾಗ ಮರದ ಹಾಗೆ ಗಟ್ಟಿ! ಮರವೂ ಅಲ್ಲ, ಕಬ್ಬಿಣವೂ ಅಲ್ಲ. ಒರಟು ಬಟ್ಟೆ, ಕಾಗದ ಇವುಗಳನ್ನು ಪದರ ಪದರವಾಗಿ ಅಂಟಿನಲ್ಲಿ ಕೂಡಿಸಿ, ಆಕಾರ ಕೊಟ್ಟು, ಒಣಗಿಸಿರುತ್ತಾರೆ. ಹಳೆಯ ಪದ್ಧತಿಯಲ್ಲಿ ಅಂಟು ಅಂದರೆ ನಾವು ಗಾಳಿಪಟಕ್ಕೆ ಮಾಡಿಕೊಡುತ್ತಿದ್ದ ಹಾಗೆ ಹಿಟ್ಟಿನ ಸರಿಯೇ. ಬೆರಳುಗಳನ್ನು ಸುತ್ತ ಹಿಡಿದುಕೊಳ್ಳುವ ಈ ಗಟ್ಟಿ ಭಾಗಕ್ಕೆ ಬಾಕ್ಸ್ ಅನ್ನುತ್ತಾರೆ. ಅಂಗಾಲಿನ ಕೆಳಗೆ ಉದ್ದಕ್ಕೂ ಚರ್ಮದ್ದೋ ರಟ್ಟಿನದೋ ಒಂದು ಪಟ್ಟಿ ಇರುತ್ತದೆ, ಅದು ಶ್ಯಾಂಕ್. ಬಾಕ್ಸು ಬೆರಳನ್ನು ಹಿಡಿಯುತ್ತದೆ, ಶ್ಯಾಂಕು ಪಾದದ ಕಮಾನಿಗೆ ಆಸರೆ ಕೊಡುತ್ತದೆ. ಇಷ್ಟೇ ಅದರ ಗುಟ್ಟು.

ಮೊದಲು ಇದೂ ಇರಲಿಲ್ಲ. 1832ರಲ್ಲಿ ಪ್ಯಾರಿಸ್ಸಿನಲ್ಲಿ 'ಲಾ ಸಿಲ್ಫೀಡ್' ಅನ್ನುವ ಬ್ಯಾಲೆಯಲ್ಲಿ ಮಾರೀ ತಾಗ್ಲಿಯೋನಿ ಎಂಬಾಕೆ ಗಾಳಿಯಲ್ಲಿ ತೇಲುವ ಹಾಗೆ ಬೆರಳ ತುದಿಯಲ್ಲಿ ಕುಣಿದು ಜನರನ್ನು ಬೆರಗುಗೊಳಿಸಿದಳು. ಅವಳಿಗಿಂತ ಮೊದಲೂ ಕೆಲವರು ಹಾಗೆ ನಿಂತು ತೋರಿಸಿದ್ದರು, ಆದರೆ ಅದಕ್ಕೊಂದು ಕಳೆ ತಂದವಳು ಇವಳು. ಅವಳ ಕಾಲಲ್ಲಿದ್ದದ್ದು ಮೆತ್ತನೆಯ ಸ್ಯಾಟಿನ್ ಚಪ್ಪಲಿ. ತುದಿಗೆ, ಪಕ್ಕಕ್ಕೆ ದಾರದಿಂದ ಒತ್ತೊತ್ತಾಗಿ ಹೊಲಿಗೆ ಹಾಕಿಕೊಂಡಿದ್ದಳು, ಅಷ್ಟೆ. ಅಂದರೆ ಅವಳನ್ನು ನಿಲ್ಲಿಸಿದ್ದು ಷೂ ಅಲ್ಲ, ವರ್ಷಗಟ್ಟಲೆ ಪಳಗಿದ ಅವಳ ಪಾದ. ಷೂ ಗಟ್ಟಿಯಾಗುತ್ತ ಬಂದದ್ದು ಆಮೇಲೆ. ಇಂದಿಗೂ ಮಾತು ಅದೇ. ಷೂ ಆಸರೆ ಕೊಟ್ಟೀತು, ಇಲ್ಲದ ಶಕ್ತಿಯನ್ನು ಕೊಡಲಾರದು.

ವಯಸ್ಸು ಮತ್ತು ಕಾಯುವ ಕಷ್ಟ

ಅದಕ್ಕೂ ಹಿಂದಿನ ವರ್ಷ ನನ್ನ ತಂಗಿಯ ಮಗಳು ಫೋನಿನಲ್ಲಿ ಗೊಳೋ ಅಂತ ಅತ್ತಿದ್ದಳು. "ದೊಡ್ಡಮ್ಮ, ನನ್ನ ಫ್ರೆಂಡ್ಸ್‌ಗೆಲ್ಲ ಪಾಯಿಂಟ್ ಷೂ ಕೊಟ್ರು, ನಂಗೆ ಮಾತ್ರ ಮುಂದಿನ ವರ್ಷ ಅಂದ್ರು." ತಂಗಿಗೂ ಮುಖ ಸಪ್ಪೆ. ಬೇರೆ ಕ್ಲಾಸಿಗೆ ಸೇರಿಸಿಬಿಡಲೇ ಅನ್ನುವವರೆಗೆ ಹೋಗಿತ್ತು ಮಾತು. ಅದೇ ಊರಿನಲ್ಲಿ ಇನ್ನೊಬ್ಬರ ಮಗಳು ಬೇರೊಂದು ಕ್ಲಾಸಿನಲ್ಲಿ ಒಂಬತ್ತನೇ ವರ್ಷಕ್ಕೇ ಷೂ ಹಾಕಿಕೊಂಡಿದ್ದಳು. ವರ್ಷ ತುಂಬುವುದರೊಳಗೆ ಆ ಮಗುವಿಗೆ ಹೆಬ್ಬೆರಳ ಬುಡದಲ್ಲಿ ಊತ, ಹಿಮ್ಮಡಿಯ ಹಿಂದೆ ನೋವು. ಡಾಕ್ಟರು ಮೂರು ತಿಂಗಳು ಕುಣಿತವೇ ಬೇಡ ಅಂದರು. ಅದನ್ನು ಕೇಳಿದ ಮೇಲೆ ತಂಗಿ ಬಾಯಿಮುಚ್ಚಿಕೊಂಡು ಕಾದಳು.

ಕಾರಣ ಸರಳ. ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ ಹೆಣ್ಣುಮಕ್ಕಳು ಸರ್ರನೆ ಬೆಳೆಯುತ್ತಾರೆ. ಪಾದದ ಮೂಳೆಗಳು ಇನ್ನೂ ಪೂರ್ತಿ ಬಲಿತಿರುವುದಿಲ್ಲ, ಬೆಳೆಯುವ ಜಾಗದಲ್ಲಿ ಮೆದುವಾಗಿರುತ್ತವೆ. ಇಡೀ ಮೈಭಾರ ಎರಡು ಬೆರಳ ತುದಿಗೆ ಬಿದ್ದಾಗ, ಆ ಭಾರವನ್ನು ಎತ್ತಿ ಹಿಡಿಯುವ ಸ್ನಾಯು ಪಾದದಲ್ಲಿ, ಮೀನಖಂಡದಲ್ಲಿ, ತೊಡೆ ಸೊಂಟದಲ್ಲಿ ಇರಬೇಕು. ಇಲ್ಲವಾದರೆ ಭಾರವೆಲ್ಲ ಮೂಳೆಗೆ, ಕೀಲಿಗೆ. ನೃತ್ಯ ಮಾಡುವವರ ಆರೋಗ್ಯದ ಬಗ್ಗೆ ಕೆಲಸ ಮಾಡುವ ವೈದ್ಯರು, ಶಿಕ್ಷಕರು ಸೇರಿದ ಅಂತರರಾಷ್ಟ್ರೀಯ ಸಂಘದ ಸಲಹೆ ಹೀಗಿದೆ: 12 ವರ್ಷಕ್ಕೆ ಮೊದಲು ಪಾಯಿಂಟ್ ಬೇಡ. ಎಂಟರ ಒಳಗೆ ಬ್ಯಾಲೆ ಶುರುಮಾಡಿದ ಮಕ್ಕಳಾದರೂ ವಾರಕ್ಕೆ ಎರಡು ಸಲವಾದರೂ ಕಲಿಯುತ್ತ, ನಾಲ್ಕನೇ ವರ್ಷಕ್ಕೆ ಬಂದಿರಬೇಕು. ಹಾಗಂತ ಹುಟ್ಟುಹಬ್ಬದ ದಿನ ಷೂ ತಂದುಬಿಡಿ ಅಂತಲ್ಲ. ವಯಸ್ಸು ಒಂದು ಗೆರೆ, ನಿಜವಾದ ಪರೀಕ್ಷೆ ಪಾದದ್ದು.

ಗುರುಗಳು ಏನು ನೋಡುತ್ತಾರೆ? ಪಾದವನ್ನು ಚಾಚಿದಾಗ ಅದು ಮೊಣಕಾಲಿನಿಂದ ಬಂದ ಗೆರೆಗೆ ನೇರವಾಗಿ ಸೇರಬೇಕು. ಕಾಲು ನೀಡಿ ಕೂತು ಪಾದ ಚಾಚಿ, ಮುಂಗಾಲ ಮೂಳೆಯಿಂದ ಪಾದದ ಮೇಲಕ್ಕೆ ಒಂದು ಪೆನ್ಸಿಲ್ ಇಟ್ಟರೆ ಅದು ನೆಟ್ಟಗೆ ಕೂರಬೇಕು, ಹರಡಿನ ಹತ್ತಿರ ಸಿಕ್ಕಿಕೊಂಡು ಓರೆಯಾಗಬಾರದು. ಆಮೇಲೆ ಒಂಟಿಕಾಲಲ್ಲಿ ನಿಂತು, ಮಂಡಿ ಬಗ್ಗಿಸದೆ, ಹಿಮ್ಮಡಿಯನ್ನು ಇಪ್ಪತ್ತು ಸಲದಷ್ಟು ಎತ್ತಿ ಇಳಿಸುವುದು. ಕೊನೆಯ ಸಲವೂ ಮೊದಲನೆಯದರಷ್ಟೇ ಎತ್ತರ ಏಳಬೇಕು, ಪಾದ ಒಳಕ್ಕೋ ಹೊರಕ್ಕೋ ವಾಲಬಾರದು. ಮನೆಯಲ್ಲಿ ನಾವು ಮಾಡಿಸಿ ನೋಡಬಹುದು, ತೀರ್ಮಾನ ಮಾತ್ರ ಗುರುಗಳದ್ದು. ಸಂದೇಹವಿದ್ದರೆ ಫಿಸಿಯೋಥೆರಪಿಯವರಿಗೆ ತೋರಿಸಬೇಕು.

ಪಾದವನ್ನು ಪಳಗಿಸುವುದು

ಕಾಯುವ ವರ್ಷ ವ್ಯರ್ಥವಾಗಬೇಕಿಲ್ಲ. ತಂಗಿಯ ಮಗಳಿಗೆ ಹೇಳಿಕೊಟ್ಟ ಅಭ್ಯಾಸಗಳು ಇವು. ಖರ್ಚಿಲ್ಲ, ಟಿ.ವಿ. ನೋಡುತ್ತಲೇ ಮಾಡಬಹುದು.

ನೆಲದ ಮೇಲೆ ಟವೆಲ್ ಹಾಸಿ, ಹಿಮ್ಮಡಿ ಊರಿಕೊಂಡೇ ಕಾಲ್ಬೆರಳುಗಳಿಂದ ಅದನ್ನು ಸ್ವಲ್ಪ ಸ್ವಲ್ಪವೇ ತನ್ನ ಕಡೆಗೆ ಎಳೆದುಕೊಳ್ಳುವುದು. ಇನ್ನೊಂದು, ಬೆರಳು ಮಡಿಸದೆ, ಹೆಬ್ಬೆರಳ ಬುಡವನ್ನು ಹಿಮ್ಮಡಿಯ ಕಡೆ ಸೆಳೆದು ಅಂಗಾಲಿನ ಕಮಾನನ್ನು ಎತ್ತುವುದು. ಇದು ನೋಡಲು ಸುಲಭ, ಮಾಡಲು ಹೋದರೆ ಗೊತ್ತಾಗುತ್ತದೆ. ನನಗಂತೂ ಕಾಲು ಹಿಡಿದುಕೊಂಡು ಬಿಟ್ಟಿತು, ಹುಡುಗಿ ಬಿದ್ದು ಬಿದ್ದು ನಕ್ಕಳು. ಮೂರನೆಯದು, ಎರಡು ಹರಡುಗಳ ನಡುವೆ ಟೆನಿಸ್ ಚೆಂಡು ಹಿಡಿದು, ಗೋಡೆಗೆ ಕೈ ಆನಿಸಿ ಹಿಮ್ಮಡಿ ಎತ್ತಿ ಇಳಿಸುವುದು. ಚೆಂಡು ಬಿದ್ದರೆ ಪಾದ ವಾಲಿತು ಅಂತ ಅರ್ಥ. ಏರುವುದಕ್ಕಿಂತ ಇಳಿಯುವುದು ನಿಧಾನವಾಗಿರಬೇಕು. ದಿನಾ ಹತ್ತು ನಿಮಿಷ ಸಾಕು. ಯಾರೋ ಪಾದದ ಮೇಲೆ ಕೂತು ಕಮಾನು ಬಗ್ಗಿಸುವ ಹುಚ್ಚು ಸಾಹಸಕ್ಕೆ ಮಾತ್ರ ಮಕ್ಕಳನ್ನು ಬಿಡಬೇಡಿ.

ಅಂಗಡಿಯಲ್ಲಿ

ಮೊದಲ ಷೂವನ್ನು ಮನೆಯಲ್ಲೇ ಕೂತು ಫೋನಿನಲ್ಲಿ ತರಿಸಬಾರದು. ಪಾದ ನೋಡಿ ಷೂ ಹೊಂದಿಸುವುದು ಗೊತ್ತಿರುವವರ ಅಂಗಡಿಗೇ ಹೋಗಬೇಕು. ಅಲ್ಲಿಯ ಹೆಂಗಸು ನಮ್ಮ ಹುಡುಗಿಯ ಪಾದವನ್ನು ಹೂವಿನ ಹಾಗೆ ಕೈಯಲ್ಲಿ ಹಿಡಿದು ನೋಡಿದಳು. ಹೆಬ್ಬೆರಳು ಉದ್ದವೋ ಎರಡನೆಯದೋ, ಬೆರಳುಗಳು ಒಂದೇ ಸಮನೋ ಇಳಿಜಾರೋ, ಪಾದ ಅಗಲವೋ ಸಪೂರವೋ, ಕಮಾನು ಎಷ್ಟು ಎತ್ತರ. ಒಂದಲ್ಲ, ಹನ್ನೊಂದು ಜೊತೆ ಹಾಕಿ ನೋಡಿದ್ದಾಯಿತು. ದಿನಬಳಕೆಯ ಷೂವಿನ ನಂಬರಿಗೂ ಇದಕ್ಕೂ ಸಂಬಂಧವಿಲ್ಲ.

ಒಂದು ಜೊತೆಗೆ 100 ಡಾಲರಿನ ಆಸುಪಾಸು, ನಮ್ಮ ಲೆಕ್ಕದಲ್ಲಿ ಎಂಟು ಸಾವಿರಕ್ಕೂ ಮೇಲೆ. ತಂಗಿ ಮೆಲ್ಲಗೆ ಕೇಳಿದಳು, ಅರ್ಧ ನಂಬರ್ ದೊಡ್ಡದು ಕೊಡಬಹುದೇ, ಬೆಳೆಯುವ ಕಾಲು ಅಂತ. ಎಲ್ಲಿ ಹೋದರೂ ನಾವು ನಾವೇ ನೋಡಿ! ಆಕೆ ನಕ್ಕು ಬಿಡಿಸಿ ಹೇಳಿದಳು. ಷೂ ದೊಡ್ಡದಾದರೆ ನಿಂತ ಕೂಡಲೇ ಪಾದ ಒಳಗೆ ಜಾರಿ ಕೆಳಗಿಳಿಯುತ್ತದೆ, ಭಾರವೆಲ್ಲ ಹೆಬ್ಬೆರಳ ಉಗುರಿನ ಮೇಲೆ ಬೀಳುತ್ತದೆ, ಷೂ ತಿರುಚಿಕೊಂಡು ಕಾಲು ಉಳುಕುತ್ತದೆ. ಚಿಕ್ಕದಾದರೆ ಬೆರಳು ಮಡಿಸಿಕೊಂಡು ಗೆಣ್ಣು ಉಜ್ಜಿ ಹೋಗುತ್ತದೆ. ಸರಿಯಾದ ಷೂ ಕೈಗವಸಿನಂತೆ ಕೂರಬೇಕು.

ಗುರುತುಗಳು ಇವು. ಪಾದ ನೆಲಕ್ಕೆ ಊರಿ ನಿಂತಾಗ ಬೆರಳುಗಳು ಮಡಿಸದೆ ನೀಳವಾಗಿರಬೇಕು. ಮಂಡಿ ಬಗ್ಗಿಸಿದಾಗ ಬೆರಳ ತುದಿ ಷೂವಿನ ಕೊನೆ ಮುಟ್ಟಬೇಕು, ಮುದುರಬಾರದು. ಬಾಕ್ಸಿನ ಅಂಚು ಬೆರಳುಗಳ ಬುಡವನ್ನು ಮುಚ್ಚಬೇಕು. ತುದಿಗಾಲಲ್ಲಿ ನಿಂತಾಗ ಹಿಮ್ಮಡಿಯಲ್ಲಿ ಚಿವುಟಲು ಸಿಗುವಷ್ಟೇ ಬಟ್ಟೆ ಸಡಿಲವಿರಬೇಕು. ಒಳಗೆ ಹಾಕುವ ಪ್ಯಾಡನ್ನು ಹಾಕಿಕೊಂಡೇ ಅಳತೆ ನೋಡಬೇಕು. ಪ್ಯಾಡು ತೆಳ್ಳಗಿರಲಿ. ಷೂ ಸಾಲದ್ದನ್ನು ಹತ್ತಿ ತುರುಕಿ ಸರಿಮಾಡುವ ನಮ್ಮ ವಿದ್ಯೆ ಇಲ್ಲಿ ಬೇಡವೇ ಬೇಡ. ತಂದದ್ದನ್ನು ಹೊಲಿಯುವ ಮೊದಲು ಗುರುಗಳಿಗೆ ತೋರಿಸಿ. ಹೊಲಿದ ಮೇಲೆ ಅಂಗಡಿಯವರು ವಾಪಸು ತೆಗೆದುಕೊಳ್ಳುವುದಿಲ್ಲ.

ಸೂಜಿ ದಾರದ ಕೆಲಸ

ಇಷ್ಟು ದುಡ್ಡು ಕೊಟ್ಟ ಷೂವಿಗೆ ರಿಬ್ಬನ್ ಹೊಲಿದಿರುವುದಿಲ್ಲ! ಒಬ್ಬೊಬ್ಬರ ಪಾದಕ್ಕೆ ಒಂದೊಂದು ಜಾಗ, ಅದಕ್ಕೆ. ಒಂದು ಅಂಗುಲಕ್ಕಿಂತ ಸ್ವಲ್ಪ ಕಡಿಮೆ ಅಗಲದ ರಿಬ್ಬನ್ ಜೊತೆಗೆ ಸುಮಾರು 2.5 ಮೀಟರ್ ಬೇಕು. ನಾಲ್ಕು ಸಮಪಾಲು ಮಾಡಿ. ಷೂವಿನ ಹಿಮ್ಮಡಿಯ ಬಟ್ಟೆಯನ್ನು ಒಳಕ್ಕೆ, ಮುಂದಕ್ಕೆ ಮಡಿಸಿ. ಪಕ್ಕದಲ್ಲಿ ಮಡಿಕೆ ಬೀಳುತ್ತದಲ್ಲ, ಅಲ್ಲಿ ಪೆನ್ಸಿಲ್ ಗುರುತು ಹಾಕಿ, ರಿಬ್ಬನ್ನನ್ನು ಸ್ವಲ್ಪ ಮುಂದಕ್ಕೆ ಓರೆಯಾಗಿ ಇಡಿ. ತುದಿಯನ್ನು ಒಮ್ಮೆ ಮಡಿಸಿ, ಚೌಕವಾಗಿ ನಾಲ್ಕೂ ಕಡೆ ಒತ್ತಾಗಿ ಹೊಲಿಯಿರಿ. ದಪ್ಪ ದಾರ ಇರಲಿ, ಅಲ್ಲಿಯವರು ಹಲ್ಲುಸಂದಿ ತಿಕ್ಕುವ ದಾರವನ್ನೇ ಬಳಸುತ್ತಾರೆ, ಅದು ಹರಿಯುವುದಿಲ್ಲ. ಎರಡು ಎಚ್ಚರಿಕೆ: ಸೂಜಿ ಒಳಗಿನ ಲೈನಿಂಗನ್ನು ಮಾತ್ರ ಹಿಡಿಯಬೇಕು, ಹೊರಗಿನ ಸ್ಯಾಟಿನ್ ಮೇಲೆ ಹೊಲಿಗೆ ಕಾಣಬಾರದು. ಅಂಚಿನೊಳಗೆ ಓಡುವ ಲಾಡಿದಾರವನ್ನು ಸೇರಿಸಿ ಹೊಲಿದುಬಿಡಬಾರದು, ಹೊಲಿದರೆ ಅದು ಎಳೆದರೆ ಬರುವುದಿಲ್ಲ. ಹಿಮ್ಮಡಿ ಜಾರದಂತೆ ಎಲಾಸ್ಟಿಕ್ ಪಟ್ಟಿಯನ್ನೂ ಹೊಲಿಯಬೇಕು. ರಿಬ್ಬನ್ನಿನ ಬಿಡಿ ತುದಿಯನ್ನು ಕಡ್ಡಿಯ ಉರಿಗೆ ಒಂದು ಕ್ಷಣ ತೋರಿಸಿದರೆ ದಾರ ಬಿಡುವುದಿಲ್ಲ. ಇದನ್ನು ದೊಡ್ಡವರೇ ಮಾಡಬೇಕು.

ಕಟ್ಟುವಾಗ ಪಾದ ನೆಲದ ಮೇಲಿರಲಿ, ಮಂಡಿ ತುಸು ಬಗ್ಗಿರಲಿ. ರಿಬ್ಬನ್ನುಗಳು ಮುಂದೆ ಕತ್ತರಿಯಾಗಿ ಹಾದು, ಸುತ್ತಿ ಬಂದು, ಒಳಪಕ್ಕದಲ್ಲಿ ಹರಡಿನ ಮೂಳೆಗೂ ಹಿಂದಿನ ನರಕ್ಕೂ ನಡುವಿನ ತಗ್ಗಿನಲ್ಲಿ ಗಂಟಾಗಬೇಕು. ಆ ದಪ್ಪ ನರದ ಮೇಲೆ ಗಂಟು ಬೀಳಬಾರದು. ಜಡೆಯ ಹಾಗೆ ಹೂಗಂಟು ಹಾಕದೆ, ತುದಿಗಳನ್ನು ಒಳಗೆ ಸಿಕ್ಕಿಸಬೇಕು.

ಬಣ್ಣದ ವಿಷಯವೂ ಒಂದಿದೆ. ಆ ಗುಲಾಬಿ ಬಣ್ಣ ಬಿಳಿಯರ ಮೈಬಣ್ಣಕ್ಕೆ ಹೊಂದಲಿ ಅಂತ ಬಂದದ್ದು. ಕಂದು ಬಣ್ಣದ ಹುಡುಗಿಯರು ವರ್ಷಾನುಗಟ್ಟಲೆ ಮುಖಕ್ಕೆ ಹಚ್ಚುವ ಬಣ್ಣವನ್ನು ಷೂವಿಗೆ ಬಳಿದುಕೊಂಡು ಕುಣಿದರು. 2018ರಲ್ಲಿ ಲಂಡನ್ನಿನ ಫ್ರೀಡ್ ಕಂಪನಿ, ಬ್ಯಾಲೆ ಬ್ಲ್ಯಾಕ್ ಎಂಬ ತಂಡದ ಜೊತೆ ಸೇರಿ ಕಂದು ಛಾಯೆಯ ಷೂಗಳನ್ನು ಹೊರತಂದಿತು. ನಮ್ಮ ಮಕ್ಕಳ ಮೈಬಣ್ಣಕ್ಕೆ ಹೊಂದುವುದು ಈಗ ಸಿಗುತ್ತದೆ. ಕ್ಲಾಸಿನ ನಿಯಮ ಒಪ್ಪಿದರೆ ಕೇಳಿ ನೋಡಬಹುದು.

ಷೂವನ್ನು, ಪಾದವನ್ನು ಕಾಪಾಡುವುದು

ದೊಡ್ಡ ಕಲಾವಿದೆಯರು ಹೊಸ ಷೂವನ್ನು ಬಾಗಿಲ ಸಂದಿಗೆ ಸಿಕ್ಕಿಸಿ, ನೆಲಕ್ಕೆ ಬಡಿದು ಮೆತ್ತಗೆ ಮಾಡುತ್ತಾರೆ. ಅವರದ್ದು ಒಂದೇ ಪ್ರದರ್ಶನದಲ್ಲಿ ಒಂದು ಜೊತೆ ಮುಗಿದುಹೋದರೂ ಹೋಯಿತು. ಹೊಸಬರು ಅದನ್ನು ನೋಡಿ ಕಲಿಯಬಾರದು. ಕೈಯಿಂದಲೇ ಬಾಕ್ಸಿನ ಪಕ್ಕಗಳನ್ನು ಒತ್ತಿ, ಹಿಮ್ಮಡಿ ಎತ್ತಿ ಇಳಿಸುತ್ತ ಮನೆಯಲ್ಲಿ ನಿಧಾನ ನಡೆದಾಡಿದರೆ ಸಾಕು, ಉಳಿದದ್ದು ಕ್ಲಾಸಿನಲ್ಲಿ ತಾನೇ ಆಗುತ್ತದೆ. ಮೊದಮೊದಲು ಕ್ಲಾಸಿನ ಕೊನೆಯಲ್ಲಿ ಹತ್ತು ಹದಿನೈದು ನಿಮಿಷ, ಅದೂ ಕಂಬಿ ಹಿಡಿದುಕೊಂಡು. ಮನೆಯಲ್ಲಿ ಒಬ್ಬಳೇ ತುದಿಬೆರಳ ಮೇಲೆ ನಿಲ್ಲಕೂಡದು.

ಬೆವರು ಈ ಷೂವಿನ ಶತ್ರು. ಅಂಟು ನೆನೆದರೆ ಬಾಕ್ಸು ಮೆತ್ತಗಾಗುತ್ತದೆ. ಕ್ಲಾಸಿನಿಂದ ಬಂದ ಕೂಡಲೇ ಪ್ಯಾಡು ತೆಗೆದು, ಗಾಳಿಗೆ ನೇತುಹಾಕಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ. ಶ್ಯಾಂಕು ಸತ್ತುಹೋದ, ಬಾಕ್ಸು ಕುಸಿದ ಷೂವನ್ನು "ಇನ್ನೊಂದು ತಿಂಗಳು ನಡೀಲಿ" ಅಂತ ಹಾಕಿಸಬೇಡಿ. ಅಕ್ಕನದು ತಂಗಿಗೆ ದಾಟಿಸುವುದೂ ಇಲ್ಲಿ ಸಲ್ಲ. ಒಬ್ಬಳ ಪಾದಕ್ಕೆ ಬಗ್ಗಿದ ಷೂ ಇನ್ನೊಬ್ಬಳಿಗೆ ಆಸರೆಯಾಗುವುದಿಲ್ಲ.

ಉಗುರನ್ನು ನೇರವಾಗಿ, ತೀರಾ ಮಾಂಸಕ್ಕೆ ಒತ್ತದ ಹಾಗೆ ಕತ್ತರಿಸಿ. ಕ್ಲಾಸಿನ ದಿನವೇ ಕತ್ತರಿಸದೆ ಎರಡು ದಿನ ಮುಂಚೆ ಮುಗಿಸಿಬಿಡಿ. ಉಜ್ಜುವ ಜಾಗಕ್ಕೆ ಮೊದಲೇ ಟೇಪು ಸುತ್ತಿದರೆ ಬೊಬ್ಬೆ ಏಳುವುದು ಕಡಿಮೆ. ಬೊಬ್ಬೆ ಎದ್ದರೆ ಒಡೆಯಬೇಡಿ, ತಾನೇ ಒಡೆದರೆ ಸೋಪುನೀರಲ್ಲಿ ತೊಳೆದು, ಒಣಗಿಸಿ, ಪಟ್ಟಿ ಹಾಕಿ, ಮಾಯುವವರೆಗೆ ಆ ಷೂ ಮುಟ್ಟಬೇಡಿ. ಜಡ್ಡುಗಟ್ಟಿದ ಚರ್ಮವನ್ನು ಬ್ಲೇಡಿನಿಂದ ಹೆರೆಯಬೇಡಿ, ಅದೇ ಅವರ ರಕ್ಷಾಕವಚ.

ಕೊನೆಗೆ, ನೋವು. ಸ್ನಾಯು ಬಳಲಿ ಎಲ್ಲ ಕಡೆ ಸಮನಾಗಿ ಕಾಲು ಸೋತ ನೋವು ಒಂದು ಬಗೆ, ರಾತ್ರಿ ಮಲಗಿ ಎದ್ದರೆ ಇಳಿಯುತ್ತದೆ. ಒಂದೇ ಜಾಗದಲ್ಲಿ ಚುಚ್ಚುವ ನೋವು, ಹಿಮ್ಮಡಿಯ ಹಿಂದೆ ಸಿಕ್ಕಿಕೊಂಡಂಥ ನೋವು, ಹೆಬ್ಬೆರಳ ಬುಡದ ಊತ, ಸುಮ್ಮನೆ ನಡೆದರೂ ಕುಂಟುವುದು, ಇವು ಬೇರೆ ಬಗೆ. ಎಣ್ಣೆ ತಿಕ್ಕಿ ಕಳಿಸುವ ನೋವಲ್ಲ ಇದು. ಕುಣಿತ ನಿಲ್ಲಿಸಿ ಡಾಕ್ಟರಿಗೆ ತೋರಿಸಬೇಕು. ಷೂ ಕಸಿದುಕೊಂಡಾರು ಅಂತ ಮಕ್ಕಳು ನೋವನ್ನು ಮುಚ್ಚಿಡುತ್ತಾರೆ. ಅದಕ್ಕೆ ವಾರಕ್ಕೊಮ್ಮೆ ಅವರ ಪಾದವನ್ನು ನಮ್ಮ ಮಡಿಲಲ್ಲಿಟ್ಟುಕೊಂಡು ಬೆಳಕಿನಲ್ಲಿ ನೋಡಿ. ಬಾಯಿ ಹೇಳದ್ದನ್ನು ಪಾದ ಹೇಳುತ್ತದೆ.

ಕಾಯುವ ಪಾಠ ನಮಗೇನು ಹೊಸದಲ್ಲ. ಭರತನಾಟ್ಯ ಕಲಿಯುವ ಮಕ್ಕಳು ವರ್ಷಗಟ್ಟಲೆ ಬರಿಗಾಲಲ್ಲಿ ತಟ್ಟಡವು ಮಾಡಿ, ಅರಮಂಡಿ ನಿಂತ ಮೇಲೆ ತಾನೇ ಗೆಜ್ಜೆಪೂಜೆ? ಎರಡು ನೃತ್ಯಗಳಿಗೂ ಹಳೆಯ ನಂಟೂ ಉಂಟು. ಕಲಾಕ್ಷೇತ್ರದ ರುಕ್ಮಿಣೀದೇವಿ ಅರುಂಡೇಲ್ ಅವರು ರಷ್ಯದ ಮಹಾ ನರ್ತಕಿ ಅನ್ನಾ ಪಾವ್ಲೋವಾರನ್ನು ಮೆಚ್ಚಿ, ಅವರ ತಂಡದ ಕ್ಲಿಯೊ ನಾರ್ಡಿ ಅವರಿಂದ ಬ್ಯಾಲೆ ಕಲಿತವರು. ನಿಮ್ಮ ನಾಡಿನ ನೃತ್ಯವನ್ನೇ ಅರಸಿ ಎಂದು ಅವರನ್ನು ಹುರಿದುಂಬಿಸಿದವರೂ ಪಾವ್ಲೋವಾ. ಆ ದಾರಿಯೇ 1936ರಲ್ಲಿ ಮದರಾಸಿನ ಕಲಾಕ್ಷೇತ್ರಕ್ಕೆ ತಲುಪಿತು. ಗೆಜ್ಜೆಯಾಗಲಿ ಷೂವಾಗಲಿ, ಕಾಲು ಸಿದ್ಧವಾದ ಮೇಲೆ ಸಿಗಬೇಕಾದ ಸನ್ಮಾನ.

ಆದ್ದರಿಂದ ಸೋದರಿಯರೇ, ಪರದೇಶದಿಂದ ಮಗಳು ಫೋನ್ ಮಾಡಿ, "ಅಮ್ಮ, ಟೀಚರ್ ಇನ್ನೊಂದು ವರ್ಷ ಕಾಯಿ ಅಂತಾರೆ" ಅಂದರೆ, "ಪಾಪ ಮಗು" ಅಂತ ನೀವೂ ಕರಗಿಬಿಡಬೇಡಿ. "ಒಳ್ಳೇ ಗುರು ಸಿಕ್ಕಿದ್ದಾರೆ ಕಣೇ, ಅವರ ಮಾತು ಕೇಳು" ಅನ್ನಿ. ಷೂ ಮುಂದಿನ ವರ್ಷವೂ ಅಂಗಡಿಯಲ್ಲಿರುತ್ತದೆ. ಮಗುವಿಗೆ ಪಾದ ಇರುವುದು ಒಂದೇ ಜೊತೆ.